ಎರಡು ಔನ್ಸು

ಇದ್ವಲ್ ಪ್ರಾಸರ್‌ನ ಬಕೆಟ್ಟು ಹಿಡಿಯುತ್ತಿದ್ದವನು ನಾನು,
ಹನ್ನೆರಡರ ಪೋರ.
ನೀರು, ಸ್ಪಂಜು, ಒಂದು ಟವೆಲ್ಲು. ಅಷ್ಟೇ ನನ್ನ ಸಾಮಾನು.

ರೋಂಡಾ ಕಣಿವೆಯ ಗಣಿಯಿಂದ ಎದ್ದು ಬಂದವನು.
ಬೆನ್ನ ಗಾಯಗಳೊಳಗೆ ಕಲ್ಲಿದ್ದಲ ಪುಡಿ
ಹಚ್ಚೆಯ ಹಾಗೆ ನೀಲಿಯಾಗಿ ನಿಂತಿತ್ತು.
ಲಂಡನ್ನಿನ ಪತ್ರಿಕೆಯವರು ಅದನ್ನು ಬರೆದರು,
ಉಪ್ಪುನೀರಲ್ಲಿ ನೆನೆಸಿದ ಮುಷ್ಟಿಯನ್ನೂ ಬರೆದರು.
ಹಸಿವು ಅವರ ಕಣ್ಣಿಗೆ ಬೀಳಲಿಲ್ಲ.

ಪಂದ್ಯದ ಬೆಳಿಗ್ಗೆ ತಕ್ಕಡಿ ಎರಡು ಔನ್ಸು ಹೆಚ್ಚು ತೋರಿತು.
ತಲೆ ಬೋಳಿಸಿದೆವು. ಇನ್ನೂ ಒಂದು.
ನಿಂಬೆಹೋಳು ಚೀಪುತ್ತ, ನನ್ನ ಬಕೆಟ್ಟಿಗೆ ಉಗುಳುತ್ತ ಕೂತ.
ಗೆದ್ದದ್ದು ಅಲ್ಲೇ ಅನಿಸುತ್ತದೆ ನನಗೆ ಈಗಲೂ;
ಆಮೇಲಿನ ಹದಿನೇಳು ಸುತ್ತು ಬರೀ ಹೊಡೆದಾಟ.

ಚಾಂಪಿಯನ್ನನ ಪಟ್ಟಿ ಬಂತು, ಊರ ಬ್ಯಾಂಡು ಬಂತು.
ಗ್ವೆನ್‌ಲಿಯನ್ ಕಾಯಿಸಿಟ್ಟ ಕುರಿಮಾಂಸದ ಸಾರನ್ನು
ಒಂದೇ ಉಸಿರಿಗೆ ಕುಡಿದು
ಹಿತ್ತಲಲ್ಲಿ ಕಕ್ಕಿದ.

ಮೂರು ವರ್ಷ. ಆಮೇಲೆ ಕಾರ್ಡಿಫ್‌ನ ಆ ರಾತ್ರಿ.
ಹನ್ನೊಂದನೆಯ ಸುತ್ತಿಗೆ ಎಡಗಣ್ಣು ಮುಚ್ಚಿತು.
ಟವೆಲ್ಲು ನನ್ನ ಹೆಗಲ ಮೇಲೇ ಇತ್ತು.
ಅವನು ಇತ್ತ ನೋಡಿ ಬೇಡವೆಂದು ತಲೆಯಾಡಿಸಿದ.
ನನಗಾಗ ಹದಿನೈದು.

ಕೊನೆಗೆ ಗಣಿಯ ಬಾಯಲ್ಲೇ ಕೆಲಸ ಸಿಕ್ಕಿತು:
ಕೂಲಿಯವರ ಪರವಾಗಿ ಇದ್ದಲ ತೂಕ ನೋಡುವುದು.
ಇದ್ದ ಒಂದು ಕಣ್ಣು ಸದಾ ಮುಳ್ಳಿನ ಮೇಲೆ.
ಕಂಪನಿಯ ಗುಮಾಸ್ತ ಗುಲಗಂಜಿಯಷ್ಟು ಕದ್ದರೂ
"ಇನ್ನೊಮ್ಮೆ ತೂಗು" ಅನ್ನುತ್ತಿದ್ದ, ಮೆಲ್ಲಗೆ.
ಗುಮಾಸ್ತ ತೂಗುತ್ತಿದ್ದ.

ನನ್ನ ಬಂಡಿಯೂ ದಿನಾ ಅವನೆದುರೇ ಹಾಯುತ್ತಿತ್ತು.
ಟವೆಲ್ಲಿನ ಮಾತು ಅವನೂ ಎತ್ತಲಿಲ್ಲ, ನಾನೂ.
ಒಮ್ಮೆ ಮಾತ್ರ, ಟನ್ನುಗಟ್ಟಲೆ ಇದ್ದಲ ಮುಂದೆ
ಚೀಟಿ ಗೀಚುತ್ತ, ತಲೆಯೆತ್ತದೆ ಹೇಳಿದ:
"ಎರಡು ಔನ್ಸು ಹೆಚ್ಚಿದೆ, ಮರಿ.
ಇರಲಿ ಬಿಡು."