ಕೆಳಗಿನ ಹೊಲದ ಉಪ್ಪು

ಕಾರಟಗಿಯ ನಮ್ಮ ಮನೆಗೆ ಐದು ಮೆಟ್ಟಿಲು,
ಗಿಲಾವು ಕಾಣದ ಬರಿ ಇಟ್ಟಿಗೆ.
ಜಂಪರು ಹೊಲಿಸಲು ಬಂದವರು ಕೂತೆದ್ದರೆ
ಹಿಂದೆ ಬಿಳಿ ಮಚ್ಚೆ.
"ಏನವ್ವ, ನಿಮ್ಮ ಮೆಟ್ಟಿಲು ಪೌಡರ್ ಹಚ್ಚತಾವು!"
ನಕ್ಕು, ಸೀರೆ ಝಾಡಿಸಿ ಒಳಗೆ ಬರುತ್ತಾರೆ.

ತೊಳೆದೆ. ತೊಳೆದಷ್ಟೂ ಬಂತು.
ತಂಬಿಗೆ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದೆ.
ದೀಪಾವಳಿಗೆ ಬಳಿದ ಕೆಂಪು ಬಣ್ಣ
ಸಂಕ್ರಾಂತಿಗೆ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಎದ್ದಿತು.

ಗೌಂಡಿ ಹುಸೇನಪ್ಪ ಬಂದ, ಕೂರಲಿಲ್ಲ,
ಉಗುರಿನಿಂದ ಸಂದಿ ಕೆದರಿದ.
"ಒಳಗಿಂದು ಹೊರಗ ಬರಾಕತ್ತೈತಿ ತಂಗಿ,
ಈಗ ಬಾಯಿ ಮುಚ್ಚಿದ್ರ ಮೈ ಒಡೀತೈತಿ.
ನೀರು ಮುಟ್ಟಿಸಬ್ಯಾಡ, ಒಣ ಬ್ರಶ್ ಹಿಡಿ.
ಬರೋದೆಲ್ಲ ಬರಲಿ.
ನಮ್ಮೂರ ಬಿಸಿಲು ಇರೋದು ಯಾಕ ಮತ್ತ?"

ಅವನ ಉಗುರಿನ ಬಿಳಿಪುಡಿಯನ್ನು
ಅತ್ತೆ ಹಂಪಮ್ಮ ಬೆರಳಿಗೆ ಹತ್ತಿಸಿಕೊಂಡು
ಸಾರಿನ ರುಚಿ ನೋಡುವಂತೆ ನಾಲಿಗೆಗಿಟ್ಟಳು.
"ಇದು ನಮ್ಮ ಕೆಳಗಿನ ಹೊಲ."

ಕಾಲುವೆಯ ಬಾಯಿಗೇ ಇದ್ದ ಎರಡೆಕರೆ,
ಕುಡಿದು ಕುಡಿದು ಸವಳಾಗಿ
ಭತ್ತ ಮೊಳಕಾಲೆತ್ತರಕ್ಕೇ ಹಳದಿ ತಿರುಗುತ್ತಿತ್ತು.
ಮಾವ ಮೇಲ್ಮಣ್ಣನ್ನು ಭಟ್ಟಿಗೆ ಕೊಟ್ಟು
ದುಡ್ಡಿನ ಬದಲು ಇಟ್ಟಿಗೆ ಇಳಿಸಿಕೊಂಡರಂತೆ.
ರೈಸ್‌ಮಿಲ್ಲಿನ ಹೊಟ್ಟು ಸುರಿದು ಸುಟ್ಟದ್ದು,
ಮಗನ ಕೈಗೇ ತಾಯಿ ಬೆಂದ ಹಾಗೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ನೀರು ಕುಡಿದ ಹೊಲ
ಹದಿನೆಂಟು ವರ್ಷವಾದರೂ ಉಪ್ಪು ಕಕ್ಕುತ್ತಿತ್ತು.

ಮಷಿನ್ನಿಗೆ ಕೂರುವ ಮುನ್ನ ದಿನಾ ಉಜ್ಜಿದೆ,
ಬಾಗಿಲ ಮುಂದೆ ಕೂತು ಬ್ರಶ್ಶಿನ ಸದ್ದು
ಮುದಿಯ ಕೆಮ್ಮಿದಂತೆ.
ಯುಗಾದಿ ಹೊತ್ತಿಗೆ ಮೊರದಲ್ಲಿ ಚಮಚೆಯಷ್ಟು,
ಬಸವ ಜಯಂತಿಗೆ ಚಿಟಿಕೆ,
ಆಮೇಲೊಂದು ದಿನ ಬರಿ ರಸ್ತೆಯ ಧೂಳು.

ಹುಸೇನಪ್ಪ ಸವೆದ ಸಂದಿಗೆ ಗಾರೆ ತುಂಬಿದ,
ವಾರ ಬಿಟ್ಟು ಗಂಗಾವತಿಯಿಂದ ಡಬ್ಬಿ ತಂದ.
"ಹೊಳಿಯೋದು ಬ್ಯಾಡ, ಮಳಿಗೆ ಕಾಲು ಜಾರತಾವು."
ನೀರಿನಷ್ಟು ತಿಳಿ, ಸೀಮೆಎಣ್ಣೆಯ ವಾಸನೆ;
ಇಳಿಹೊತ್ತು, ಮೆಟ್ಟಿಲ ಕಾವು ಆರಿದ ಮೇಲೆ
ಮೇಲಿಂದ ಕೆಳಕ್ಕೆ ಎರಡು ಕೈ ಹಚ್ಚಿದ.
ಎಲೆಅಡಿಕೆ ಹಾಕಿದ ತುಟಿಯಂತೆ
ಇಟ್ಟಿಗೆ ಕೆಂಪೇರಿತು.

ಮರುದಿನ ಸಂಜೆ ಒಂದು ಲೋಟ ನೀರು ಸುರಿದೆ.
ನಿಂತಿತು, ಗುಂಡಗಾಯಿತು,
ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಓಣಿಗೆ ಹೋಯಿತು.
ಸಾಕು ಎನ್ನಲು ಆ ಮಣ್ಣಿಗೆ
ಇಷ್ಟು ಕಾಲ ಬೇಕಾಯಿತೇ ಎಂದುಕೊಂಡೆ.

ಹಂಪಮ್ಮ ಮೂರನೆಯ ಮೆಟ್ಟಿಲಲ್ಲಿ ಕೂತು ಎದ್ದಳು.
ಹಿಂದೆ ಏನೂ ಹತ್ತಿರಲಿಲ್ಲ,
ಆದರೂ ಝಾಡಿಸಿಕೊಂಡಳು.
ಬಗ್ಗಿ ಇಟ್ಟಿಗೆಗೆ ಬೆರಳೊತ್ತಿ ನಾಲಿಗೆಗಿಟ್ಟು
ಯಾರಿಗೋ ಹೇಳಿದಳು:
"ಸಪ್ಪಗೈತಿ."