ಗೆರಿಯ ಆಚೆ

ಉಮದಿಯ ಬಯಲಾಗ ಶರ್ತಿನ ದಿನ
ಎಲ್ಲಾರ ಕಣ್ಣು ಸುಣ್ಣದ ಗೆರಿ ಮ್ಯಾಲ.
ನಮ್ಮಪ್ಪ ಸಿದಗೊಂಡ ನಿಂದರೂದು
ಗೆರಿ ದಾಟಿ ಇನ್ನೂರು ಹೆಜ್ಜಿ ಆಚೆ,
ದಾಳಿಂಬರಿ ತ್ವಾಟದ ಮುಳ್ಳತಂತಿಗೆ ಬೆನ್ನು ಕೊಟ್ಟು,
ಕೈಯಾಗ ಒಂದು ಹಸಿ ಗೋಣಿಚೀಲ.

ಗೆರಿ ಮನಶ್ಯಾರದು.
ಎತ್ತಿಗೇನ ಗೊತ್ತು ಗೆದ್ದದ್ದು?

ಮೈಕಿನಾಂವ ಅರ್ಧ ಮರಾಠಿ ಅರ್ಧ ಕನ್ನಡದಾಗ
ಗಂಟಲ ಹರಕೋತಾನ:
"ಆಲಾ ಆಲಾ, ಬಂತ ನೋಡ್ರಿ ಬಂತ,
ನಂಬರ್ ಏಳು, ಸೋನ್ಯಾ-ಬಾದಲ್ಯಾ!"
ಝೆಂಡಾ ಬೀಳತದ, ಗುಲಾಲು ಹಾರತದ,
ತಮ್ಮಾರಾಯ ಬಿರಾದಾರನ್ನ ಹೆಗಲ ಮ್ಯಾಲ ಎತ್ತತಾರ.
ಹೊಡಿಯೂ ಹುಡುಗ ಜಿಗದು ಗುಲಾಲಿನೊಳಗ ಕಾಣಂಗಿಲ್ಲ.
ಜೋಡಿ ಮಾತ್ರ ಇನ್ನೂ ಓಡತಾವ,
ಹಿಂದ ಖಾಲಿ ಛಕಡಿ ಡಬ ಡಬ ಹಾರಕೋತ,
ಮೂಗಿನ ಹೊಳ್ಳಿ ಕೆಂಪಗ ಅರಳಿ
ನೆಟ್ಟಗ ಅಪ್ಪನ ಎದಿಗೆ.

ಎದುರು ನಿಂದರಬಾರದು, ಅಂತಾನ ಅಪ್ಪ.
ಅವುಗಳ ಬಾಜೂಕ ತಾನೂ ನಾಕ ಹೆಜ್ಜಿ ಓಡಬೇಕು,
ಮೂರನೇ ಎತ್ತು ಆಗಿ.
ಆಮ್ಯಾಲ ನಿಧಾನ ಆಗಬೇಕು.
ಅವೂ ಆಗತಾವ.

ಎಲ್ಲಾ ಸಲ ಅಲ್ಲ. ಎಡಗಡೆ ಭುಜ ಎರಡು ಸಲ ಕಳಚೇದ.
ಕಟಕ ರೊಟ್ಟಿ ಮುರಿಯಾಕ ಅವ್ವ ಬೇಕು.

ಕುದುರಿ-ಎತ್ತು ಕೂಡಿ ಹೂಡಿದ ಜೋಡಿ ಬಂದರ ಬೈತಾನ:
ಕುದುರಿ ಹಗ್ಗದ ಮಾತ ಕೇಳತದ, ಎತ್ತು ಉಸರಿಂದು,
ಒಂದಽ ಬಾಯಾಗ ಎರಡಕ್ಕೂ ಹ್ಯಾಂಗ ಹೇಳಲಿ?
ಎರಡಲ್ಲಿನ ಹೋರಿಗಳ ಶರ್ತು ಅವಗ ಸೇರತದ.
ಸಾಲಿ ಬಿಟ್ಟ ಹುಡುಗರಂಗ
ತಾವಽ ದಣದು ನಿಂತಬಿಡತಾವ.

ಮನಿಗೆ ಬಂದಾಗ ಅಂಗಿ ಮ್ಯಾಲ ಗುಲಾಲು ಇರಂಗಿಲ್ಲ,
ಜೊಲ್ಲು ಇರತದ.
ಅವ್ವ ಒಗಿಯೂ ಮುಂದ ಮೂಸಿ ಹೇಳತಾಳ
ಯಾವ ಜೋಡಿಗೆ ಮೊಟ್ಟೆ ಕುಡಿಸಿದ್ದರು, ಯಾವದಕ್ಕ ಬರೇ ಹಿಂಡಿ.

ಬಂದಿ ಇದ್ದ ವರ್ಷಗಳಾಗ ಆ ಬಯಲಾಗ ಕಡ್ಲಿ ಬೆಳದ್ರು.
ಅಪ್ಪ ಸಂಜಿಗೆ ಹೋಗಿ
ಅದಽ ಜಾಗಾದಾಗ ಸುಮ್ಮನ ನಿಂತು ಬರತಿದ್ದ.

ಒಂದು ಸಲ, ನಾ ಸಣ್ಣಾಕಿ, ಅವನ ಕೈ ತಪ್ಪಿತು.
ಕಿಲಾರಿ ಜೋಡಿ ತಂತಿ ಹರದು, ಹಳ್ಳ ಇಳದು,
ಗಡಿಕಲ್ಲು ದಾಟಿ ಹೋದ್ವು.
ಮರುದಿನ ಸಿಕ್ಕದ್ದು ಆಚೆ ರಾಜ್ಯದ ಜೋಳದಾಗ,
ನೊಗ ಕೊಳ್ಳಾಗಽ ಇತ್ತು, ಮೇಯಾಕತ್ತಿದ್ವು.
ಹೊಲದ ಮುದುಕಿ ದಂಡ ಕೇಳಲಿಲ್ಲ, ನೀರ ಕೊಟ್ಟಳಂತ,
ಕೊಟ್ಟು ಕೇಳಿದಳಂತ:
"ಯಾರು ಗೆದ್ದರೋ ತಮ್ಮಾ?"

ಅಪ್ಪ ಎತ್ತಿನ ಕುತ್ತಗಿ ತಿಕ್ಕಾಕತ್ತಿದ್ದ.
"ನಾ ಕೇಳಲಿಲ್ಲ ಯವ್ವಾ," ಅಂದನಂತ.