ಬೆಸ, ಸಮ

ಏಳು ವರ್ಷ ಹಳೆಯ ಪುಟ್ಟ ಗಾಡಿ. ಪೆಟ್ರೋಲಿನದು.
ಬಣ್ಣ ಕಾಗದದಲ್ಲಿ ಬೆಳ್ಳಿ, ಕಣ್ಣಿಗೆ ಅಕ್ಕಿ ತೊಳೆದ ನೀರು.
ಹಿಂದಿನ ಬಾಗಿಲು ಮೇಲೆತ್ತಿದರೆ
ನೋವು ಮರೆಸುವ ಗಾಳಿಯ ಸಿಲಿಂಡರು,
ಕೂಸು ತೂಗುವ ಜೋಳಿಗೆ, ಎರಡು ಚೀಲ,
ಒಂದು ಜೊತೆ ಗಮ್‌ಬೂಟು. ಮುಗಿಯಿತು ಜಾಗ.
ಶೆಫೀಲ್ಡಿನ ಏರು ಹತ್ತಿ ಹತ್ತಿ
ಹೆರಿಗೆ ಮಾಡಿಸುವವಳಿಗೆ ಅಷ್ಟು ಸಾಕು.

ಕೈಗೇರಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವಳು ನಾನು.
ಮೂರೂ ಸಲ ಏರಿನಲ್ಲೇ.
ಕ್ಲಚ್ಚು ಬಿಡುವ, ಆಕ್ಸಿಲರೇಟರು ಹಿಡಿಯುವ ನಡುವೆ
ಒಂದು ಕ್ಷಣ ಗಾಡಿ ಯಾರದ್ದೂ ಅಲ್ಲ.
ಆಗಲೇ ಅದು ಹಿಂದಕ್ಕೆ ಜಾರುವುದು.
ಹಿಂದೆ ಬ್ರೆಡ್ಡಿನ ವ್ಯಾನು,
ಪಕ್ಕದಲ್ಲಿ ಪರೀಕ್ಷಕಿಯ ಪೆನ್ನು.
‘ಪರವಾಗಿಲ್ಲ, ಲವ್’ ಎನ್ನುತ್ತಿದ್ದಳು, ಬರೆದುಕೊಳ್ಳುತ್ತಲೇ.

ಈಗ ಎಡಗಾಲಿಗೆ ಕೆಲಸವಿಲ್ಲ.
ಆದರೂ ಒಮ್ಮೊಮ್ಮೆ ಇಲ್ಲದ ಪೆಡಲನ್ನು ಒತ್ತುತ್ತದೆ, ಪಾಪ,
ಸತ್ತ ನಾಯಿಯ ತಟ್ಟೆಗೆ
ಮರೆತು ಅನ್ನ ಹಾಕಿದ ಹಾಗೆ.

ಗ್ಯಾರೇಜಿನ ಕೆವ್ ಬ್ರಾಡ್‌ಬೆಂಟ್
ಎರಡು ಚಹಾದ ಮಗ್ಗು ಬೆಂಚಿನ ಮೇಲಿಟ್ಟು ತಿಳಿಸಿ ಹೇಳಿದ:
ಇದಕ್ಕೆ ಕ್ಲಚ್ಚು ಎರಡು.
ಈ ಮಗ್ಗಿನ ಪಾಲಿಗೆ ಒಂದು, ಮೂರು, ಐದು, ಏಳು.
ಆ ಮಗ್ಗಿಗೆ ಎರಡು, ನಾಲ್ಕು, ಆರು.
ನೀನು ಮೂರರಲ್ಲಿ ಓಡುತ್ತಿರುವಾಗಲೇ
ನಾಲ್ಕು ಬಾಗಿಲ ಹಿಂದೆ ಬಂದು ನಿಂತಿರುತ್ತದೆ,
ಶೂ ಲೇಸು ಕಟ್ಟಿಕೊಂಡು.
ಅದು ಬಿಡುವುದೂ ಇದು ಹಿಡಿಯುವುದೂ ಒಟ್ಟಿಗೇ.
ನಡುವೆ ಖಾಲಿ ಅನ್ನುವುದೇ ಇಲ್ಲ.

ಎರಡು ದೋಣಿಯಲ್ಲಿ ಕಾಲಿಡಬೇಡವೇ ಎಂದು
ಗದರಿಸಿದವರೆಲ್ಲ ಸಾಲಾಗಿ ನೆನಪಾದರು.
ಇಗೋ, ಇದು ಇಟ್ಟಿದೆ. ಮುಳುಗಿಲ್ಲ.
ಎಂಒಟಿ ಕೂಡ ಪಾಸಾಗಿದೆ.

‘ಆದರೆ ಅದೆಲ್ಲ ಊಹೆ’ ಎಂದ ಕೆವ್, ಒಂದು ಮಗ್ಗು ಕುಡಿದು ಮುಗಿಸಿ.
‘ತೆವಳುವಾಗ ನೀನು ಏರುತ್ತೀಯೋ ನಿಲ್ಲುತ್ತೀಯೋ
ಅದಕ್ಕೆ ಗೊತ್ತಾಗದಿದ್ದರೆ ತೊದಲುತ್ತದೆ.
ರಿಪೇರಿ ಇಲ್ಲ. ಹುಟ್ಟುಗುಣ.’
ಬಿಲ್ಲು ಮಾತ್ರ ಇತ್ತು.

ಫೆಬ್ರವರಿ. ಬೆಳಗಿನ ಜಾವ ಮೂರೂ ನಲವತ್ತು.
ವಾಕ್ಲಿಯ ಏರಿನಲ್ಲಿ ಉಪ್ಪು ಚೆಲ್ಲುವ ಲಾರಿಯ ಹಿಂದೆ
ಒಂದು, ಎರಡು, ಮತ್ತೆ ಒಂದು.
ಮುಂದಿನದು ಮೇಲೋ ಕೆಳಗೋ ತಿಳಿಯದೆ
ಗಾಡಿ ಗಂಟಲಲ್ಲಿ ಗೇರು ಸಿಕ್ಕಿಸಿಕೊಂಡು ನಡುಗಿತು.
ಬೈಯಲಿಲ್ಲ ನಾನು.
ಲಿಯಾನ್ ಫರ್ನಿಸ್ ಮನೆಯ ಮಹಡಿಯಲ್ಲಿ ದೀಪವಿತ್ತು.

ಎರಡನೆಯ ಸೂಲಗಿತ್ತಿ ಇನ್ನೂ ದಾರಿಯಲ್ಲಿ.
ಕೂಸಿನ ತಲೆ ಬಂದಿತ್ತು. ಹೆಗಲು ಬಂದಿರಲಿಲ್ಲ.
ಅಲ್ಲೊಂದು ಬಿಡುವು ಇರುತ್ತದೆ, ಒಂದು ನೋವು ಹೋಗಿ
ಇನ್ನೊಂದು ಬರುವವರೆಗೆ.
ಅಳುವಿಲ್ಲ, ಉಸಿರಿಲ್ಲ, ಹೆಸರಿಲ್ಲ,
ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ.
ಹೊಸಬರು ಹೆದರಿ ಎಳೆಯಲು ಹೋಗುತ್ತಾರೆ.
ನಾನು ಕೈಯೊಡ್ಡಿ ಕಾಯುತ್ತೇನೆ.
ಈ ಒಂದು ಖಾಲಿಯನ್ನು
ಯಾವ ಮಗ್ಗಿಟ್ಟು ತೋರಿಸುತ್ತಾನೆ ಕೆವ್?

ಆಮೇಲೆ ಕೂಸು ತಾನೇ ತಿರುಗಿತು,
ಕಿರಿದಾದ ಬಾಗಿಲಲ್ಲಿ ಮಂಚ ತಿರುಗಿಸಿದ ಹಾಗೆ,
ಜಾರಿ ಬಂತು, ಚೀರಿತು, ನನ್ನ ತೋಳೆಲ್ಲ ಒದ್ದೆ.

ಬೆಸಲಾದಳು ಎಂದರೆ ಹೆತ್ತಳು,
ಹಳೆಗನ್ನಡದ ಪಾಠದಲ್ಲಿ ಪಂಡಿತರು ಹೇಳಿದಾಗ
ಹಿಂದಿನ ಬೆಂಚಿನವರು ನಕ್ಕಿದ್ದೆವು:
ಒಂದು, ಮೂರು, ಐದು ಹೆತ್ತಳೇ ಸಾರ್?
ಲಿಯಾನ್, ಅವಳ ಗಂಡ, ಅವಳಮ್ಮ, ನಾನು,
ಆ ಕೋಣೆಯಲ್ಲಿ ನಾಲ್ವರಿದ್ದೆವು.
ಐವರಾದೆವು.

ಬೆಳಕು ಹರಿಯುವಾಗ ಇಳಿಜಾರಿನಲ್ಲಿ ವಾಪಸು.
ಗಾಡಿ ಮೂರರಲ್ಲಿತ್ತು. ನಾಲ್ಕು
ಲೇಸು ಕಟ್ಟಿ ನಿಂತಿತ್ತೇನೋ.
ಬೇಕರಿ ಆಗಷ್ಟೇ ಬಾಗಿಲು ತೆರೆಯುತ್ತಿತ್ತು,
ಬ್ರೇಕು ಒತ್ತಿಬಿಟ್ಟೆ.
ಅದು ತೊದಲಿತು. ನನ್ನ ಎಡಗಾಲೂ
ಇಲ್ಲದ ಪೆಡಲಿಗೆ ತಡಕಾಡಿತು.